ಆಳಿಗೂ ಸಲ್ಲಬೇಕಾದ ದಿನ

ಸಾಧಾರಣ ಕಾಲದ ಐದನೆಯ ಭಾನುವಾರ, ಫೆಬ್ರವರಿ 8, 2026
ಯುವಜನರ ಪುಟ
ವಾಚನಗಳು: ಯೆಶಾಯ 58:7-10, 1 ಕೊರಿಂಥ 2:1-5, ಮತ್ತಾಯ 5:13-16



ನಾಳೆ ಸೋಮವಾರ, ಫೆಬ್ರವರಿ 9. ತಮಿಳುನಾಡಿನ ಸರ್ಕಾರಿ ಕಚೇರಿಗಳಲ್ಲಿ ಈ ದಿನವನ್ನು ಜೀತ ಪದ್ಧತಿ ನಿರ್ಮೂಲನ ದಿನವೆಂದು ಆಚರಿಸುತ್ತಾರೆ. ಅಧಿಕಾರಿಗಳೂ ನೌಕರರೂ ಎದ್ದು ನಿಂತು ಪ್ರತಿಜ್ಞೆ ಮಾಡುತ್ತಾರೆ. ಜೀತವನ್ನು ರದ್ದು ಮಾಡುವ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1976ರ ಫೆಬ್ರವರಿ 9ರಂದು. ನಾಳೆಗೆ ಸರಿಯಾಗಿ ಐವತ್ತು ವರ್ಷ.

ಆದರೆ ನಾಳೆ ರಜೆಯಿಲ್ಲ. ಕ್ಯಾಲೆಂಡರಿನಲ್ಲಿ ಅದು ಕಪ್ಪು ಅಕ್ಷರದ ದಿನವೇ. ಅದಿಯಮಾನ್‌ಕೋಟೆಯಿಂದ ಎಂದಿನ ಹಾಗೆ ಬಸ್ಸು ಹತ್ತಿ ನಾವೆಲ್ಲ ಕೆಲಸಕ್ಕೂ ಕಾಲೇಜಿಗೂ ಹೋಗುತ್ತೇವೆ.

ಕಳೆದ ತಿಂಗಳ ಯುವಜನರ ಸಭೆಯಲ್ಲಿ ಈ ಮಾತು ಬಂತು. ಒಬ್ಬರು ಕೇಳಿದರು: "ಜೀತ ಮುಗಿದ ದಿನಕ್ಕೆ ಸರ್ಕಾರ ರಜೆ ಕೊಡಬೇಕಲ್ಲವೇ? ಬೇರೆ ದೇಶಗಳಲ್ಲಿ ಕೊಡುತ್ತಾರಲ್ಲ?" ಇನ್ನೊಬ್ಬರು ಹೇಳಿದರು: "ರಜೆ ಕೊಟ್ಟರೆ ನಾವು ಕ್ರಿಕೆಟ್ ಆಡುತ್ತೇವೆ. ಇಟ್ಟಿಗೆ ಗೂಡಿನಲ್ಲಿರುವವರು ಅಂದೂ ಇಟ್ಟಿಗೆ ಹಾಕುತ್ತಾ ಇರುತ್ತಾರೆ." ಇಬ್ಬರ ಮಾತೂ ಸರಿ ಎನಿಸಿತು. ಅಂದಿನಿಂದ ಪವಿತ್ರ ಗ್ರಂಥವನ್ನು ತೆರೆದು ಇದರ ಬಗ್ಗೆ ಯೋಚಿಸುತ್ತಾ ಬಂದಿದ್ದೇವೆ. ನಮಗೆ ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಬೇರೆ ದೇಶಗಳಲ್ಲಿ ಇಂಥ ರಜೆ ಇರುವುದು ನಿಜ. ಮಾರಿಷಸ್‌ನಲ್ಲಿ ಫೆಬ್ರವರಿ 1 ರಜಾದಿನ. 1835ರ ಆ ದಿನ ಅಲ್ಲಿ ಗುಲಾಮಗಿರಿ ಕೊನೆಗೊಂಡಿತು. ಅಮೆರಿಕದಲ್ಲಿ ಜೂನ್ 19 ರಜಾದಿನ. ಆ ದಿನದ ಕಥೆ ನಮಗೆ ಬಹಳ ಹಿಡಿಸಿತು. ಅಧ್ಯಕ್ಷ ಲಿಂಕನ್ ಅವರ ಬಿಡುಗಡೆಯ ಘೋಷಣೆ 1863ರ ಜನವರಿ 1ರಂದೇ ಹೊರಬಿದ್ದಿತ್ತು. ಆದರೆ ಟೆಕ್ಸಾಸ್ ಪ್ರಾಂತದ ಹೊಲಗಳಲ್ಲಿ ದುಡಿಯುತ್ತಿದ್ದವರಿಗೆ ಅದರಿಂದ ಏನೂ ಆಗಲಿಲ್ಲ. 1865ರ ಜೂನ್ 19ರಂದು ಸೇನಾಧಿಕಾರಿ ಗ್ರೇಂಜರ್ ಗಾಲ್ವೆಸ್ಟನ್ ಪಟ್ಟಣಕ್ಕೆ ಬಂದು ಆಜ್ಞೆಯನ್ನು ಹೊರಡಿಸಿದ ಮೇಲೆಯೇ ಅಲ್ಲಿನವರಿಗೆ ಬಿಡುಗಡೆಯ ಬಾಗಿಲು ತೆರೆಯಿತು. ನಡುವೆ ಎರಡೂವರೆ ವರ್ಷ ಕಳೆದುಹೋಗಿತ್ತು. ಆ ದಿನವನ್ನು ಇಡೀ ದೇಶದ ರಜೆಯೆಂದು ಸರ್ಕಾರ ಒಪ್ಪಿದ್ದು 2021ರಲ್ಲಿ, 156 ವರ್ಷಗಳ ನಂತರ. ಅವರು ನೆನೆಯುವುದು ಕಾಗದಕ್ಕೆ ಸಹಿ ಬಿದ್ದ ದಿನವನ್ನಲ್ಲ, ಸುದ್ದಿ ತಲುಪಿದ ದಿನವನ್ನು.

ಇನ್ನು ನಮ್ಮ ವಿಶ್ವಾಸದ ಕಡೆಗೆ ನೋಡೋಣ. ದಾಸತ್ವ ಮುಗಿದದ್ದನ್ನು ನೆನೆಯುವ ರಜೆ ನಮ್ಮಲ್ಲಿ ಇಲ್ಲವೇ? ಇದೆ. ವಾರಕ್ಕೊಮ್ಮೆ ಬರುತ್ತದೆ.

ಹತ್ತು ಕಟ್ಟಳೆಗಳು ಪವಿತ್ರ ಗ್ರಂಥದಲ್ಲಿ ಎರಡು ಕಡೆ ಇವೆ. ವಿಮೋಚನಾಕಾಂಡದ 20ನೆಯ ಅಧ್ಯಾಯದಲ್ಲಿ ಸಬ್ಬತ್ ದಿನಕ್ಕೆ ಕೊಟ್ಟ ಕಾರಣ, ಸೃಷ್ಟಿಯ ಕೆಲಸ ಮುಗಿಸಿ ದೇವರು ಏಳನೆಯ ದಿನ ವಿಶ್ರಮಿಸಿದರು ಎಂಬುದು. ಚಿಕ್ಕಂದಿನಲ್ಲಿ ಧರ್ಮೋಪದೇಶ ತರಗತಿಯಲ್ಲಿ ನಾವೆಲ್ಲ ಕಲಿತದ್ದು ಇದನ್ನೇ. ಆದರೆ ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ಅದೇ ಕಟ್ಟಳೆಗೆ ಬೇರೆ ಕಾರಣವಿದೆ. ನೀವೂ ಈಜಿಪ್ಟಿನಲ್ಲಿ ದಾಸರಾಗಿದ್ದಿರಿ, ಸರ್ವೇಶ್ವರ ನಿಮ್ಮನ್ನು ಅಲ್ಲಿಂದ ಬಿಡಿಸಿ ತಂದರು, ಅದನ್ನು ನೆನಪಿಟ್ಟುಕೊಳ್ಳುವುದಕ್ಕಾಗಿಯೇ ಈ ದಿನ ಎಂದು ಮೋಶೆ ಜನರಿಗೆ ಹೇಳುತ್ತಾನೆ. ಈ ವಿಶ್ರಾಂತಿ ಯಾರಿಗೆಲ್ಲ ಸಲ್ಲಬೇಕು ಎಂದೂ ಅಲ್ಲಿ ಬರೆದಿದೆ. ಮಗ, ಮಗಳು, ಆಳು, ದಾಸಿ, ಎತ್ತು, ಕತ್ತೆ, ಊರೊಳಗಿರುವ ಪರದೇಶಿ. ಆಳಿಗೂ ದಾಸಿಗೂ ಯಜಮಾನನಂತೆಯೇ ವಿಶ್ರಾಂತಿ ಸಿಗಬೇಕು ಎಂಬುದನ್ನು ಮತ್ತೊಮ್ಮೆ ಒತ್ತಿ ಹೇಳಿದೆ.

ಯಜಮಾನ ಮನೆಯಲ್ಲಿ ಕುಳಿತು ಆಳನ್ನು ಹೊಲಕ್ಕೆ ಅಟ್ಟಿದರೆ ಅವನು ಸಬ್ಬತ್ ಆಚರಿಸಿದಂತಾಗಲಿಲ್ಲ. ಅವನು ಈಜಿಪ್ಟನ್ನು ಮರೆತ ಹಾಗಾಯಿತು. ನಮ್ಮ ಭಾನುವಾರಕ್ಕೂ ಇದೇ ಅಳತೆ. ಪ್ರಭು ಪುನರುತ್ಥಾನಗೊಂಡ ದಿನ ಇದು. ಪಾಪದ ದಾಸತ್ವದಿಂದ ನಮ್ಮನ್ನು ಬಿಡಿಸಿದ ದಿನ. ಪಾಸ್ಖ ಜಾಗರಣೆಯ ರಾತ್ರಿ ವಾಚನಗಳು ಬಹಳ. ಕೆಲವನ್ನು ಬಿಟ್ಟು ಓದಲು ಅನುಮತಿಯುಂಟು. ಇಸ್ರಯೇಲರು ಸಮುದ್ರ ದಾಟಿದ ವಾಚನವನ್ನು ಮಾತ್ರ ಬಿಡುವಂತಿಲ್ಲ. ದಾಸರು ಬಿಡುಗಡೆ ಹೊಂದಿದ ಕಥೆ ಇಲ್ಲದೆ ಧರ್ಮಸಭೆ ಈಸ್ಟರ್ ಆಚರಿಸುವುದಿಲ್ಲ.

ರಜೆಯ ಆಜ್ಞೆ ಹೊಲದ ತನಕ ಹೋಗದೆ ನಿಂತದ್ದೂ ಉಂಟು. ಕ್ರಿ.ಶ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರವನ್ನು ಅಧಿಕೃತ ವಿಶ್ರಾಂತಿ ದಿನವೆಂದು ಘೋಷಿಸಿದ. ಪಟ್ಟಣದ ನ್ಯಾಯಾಧೀಶರಿಗೂ ಕಸುಬುದಾರರಿಗೂ ವಿಶ್ರಾಂತಿ ಸಿಕ್ಕಿತು. ಹಳ್ಳಿಯ ಬೇಸಾಯದ ಕೆಲಸ ಮಾತ್ರ ನಡೆಯಬಹುದು ಎಂದು ಅದೇ ಆಜ್ಞೆ ಹೇಳಿತು. ನಮ್ಮ ದೇಶದಲ್ಲಿ ಬೊಂಬಾಯಿನ ಗಿರಣಿ ಕೆಲಸಗಾರರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ. ನಾರಾಯಣ ಮೇಘಾಜಿ ಲೋಖಂಡೆ ಎಂಬವರು ಕೆಲಸಗಾರರನ್ನು ಒಟ್ಟುಗೂಡಿಸಿ, ವರ್ಷಗಟ್ಟಲೆ ಕೇಳಿ ಪಡೆದ ರಜೆ ಅದು.

ಇಷ್ಟೆಲ್ಲ ಹೇಳುವ ನಾವು ಒಂದು ತಪ್ಪೊಪ್ಪಿಗೆಯನ್ನೂ ಮಾಡಬೇಕು.

ಕಳೆದ ವರ್ಷ ನಮ್ಮ ಗಾನವೃಂದದಲ್ಲಿ ಹಾಡುತ್ತಿದ್ದ ಹುಡುಗಿಯೊಬ್ಬಳು ಪೊಂಗಲ್ ಕಳೆದ ಮೇಲೆ ತಂದೆತಾಯಿಯ ಜೊತೆ ಬೇರೆ ಜಿಲ್ಲೆಯ ಇಟ್ಟಿಗೆ ಗೂಡಿಗೆ ಹೋದಳು. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಹೆಸರು ಬೇಡ. ಅಣ್ಣನ ಆಸ್ಪತ್ರೆ ಖರ್ಚಿಗೆಂದು ಅವರು ಐವತ್ತು ಸಾವಿರ ರೂಪಾಯಿ ಮುಂಗಡ ತೆಗೆದುಕೊಂಡಿದ್ದರು. ಪವಿತ್ರ ಗುರುವಾರ ಅವಳು ಫೋನ್ ಮಾಡಿದಳು. ಈಸ್ಟರ್‌ಗೆ ಬರುವುದಕ್ಕೆ ಬಿಡುವುದಿಲ್ಲವಂತೆ. ಯಾರಾದರೂ ಒಬ್ಬರು ಹೋಗಬಹುದು, ಉಳಿದವರು ಇಲ್ಲೇ ಇರಬೇಕು, ಇಲ್ಲವೆಂದರೆ ಮುಂಗಡವನ್ನು ಇಟ್ಟು ಹೊರಡಿ ಎಂದರಂತೆ. ಬೆಳಗಿನ ಜಾವ ಮೂರು ಗಂಟೆಗೆ ಕೆಲಸ ಶುರು. ಭಾನುವಾರ ಸಂತೆಗೆಂದು ಕೈಗೆ ಸ್ವಲ್ಪ ಹಣ ಕೊಡುತ್ತಾರೆ; ಅದನ್ನೂ ಸಾಲದ ಲೆಕ್ಕಕ್ಕೆ ಬರೆಯುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿದು ಅವರು ಊರಿಗೆ ಬಂದಾಗ ಲೆಕ್ಕದಲ್ಲಿ ಸಾಲ ಐವತ್ತೆಂಟು ಸಾವಿರವಾಗಿತ್ತು.

ಆ ಗುರುವಾರ ನಾವು ಏನು ಮಾಡಿದೆವು? "ಅಯ್ಯೋ ಪಾಪ" ಎಂದೆವು. ಅವಳ ಬದಲು ಯಾರು ಹಾಡುವುದು ಎಂದು ಮಾತಾಡಿಕೊಂಡೆವು. ಜಾಗರಣೆಯ ರಾತ್ರಿ ಸಮುದ್ರ ದಾಟಿದ ವಾಚನವನ್ನು ಕೇಳಿದೆವು, ಅದಕ್ಕೆ ಕೀರ್ತನೆಯನ್ನೂ ಹಾಡಿದೆವು. ನಮ್ಮ ಪೈಕಿ ಫರೋಹನ ಇಟ್ಟಿಗೆ ಹಾಕುತ್ತಾ ಉಳಿದವರು ಇದ್ದಾರೆ ಎಂಬುದು ಅಂದು ನಮಗೆ ಹೊಳೆಯಲಿಲ್ಲ. ಈಜಿಪ್ಟಿನಲ್ಲೂ ಇಸ್ರಯೇಲರಿಂದ ಮಾಡಿಸಿದ್ದು ಇಟ್ಟಿಗೆಯ ಕೆಲಸವೇ.

ಕಾಯ್ದೆ ಏನು ಹೇಳುತ್ತದೆ ಎಂಬುದೂ ಆಗ ನಮಗೆ ಗೊತ್ತಿರಲಿಲ್ಲ. ನಮ್ಮವರೊಬ್ಬರು ಜಾತಿ ಪ್ರಮಾಣಪತ್ರಕ್ಕೆಂದು ಸರ್ಕಾರಿ ಕಚೇರಿಗೆ ಹೋದಾಗ ಗೋಡೆಯ ಮೇಲೆ ಈ ದಿನದ ಪ್ರತಿಜ್ಞೆಯನ್ನು ಕಂಡರು. ಅದು ತಮಿಳಿನಲ್ಲಿತ್ತು, 'ಕೊತ್ತಡಿಮೈ' ಎಂಬ ಪದವಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆದ ನಮಗೆ ಓದಲು ಬಂತು. ನಮ್ಮ ಹಿರಿಯರಲ್ಲಿ ಅನೇಕರಿಗೆ ಬರುವುದಿಲ್ಲ. ಆದ್ದರಿಂದ ಕಾಯ್ದೆಯ ತಿರುಳನ್ನು ನಮ್ಮ ಮಾತಿನಲ್ಲೇ ಹೇಳುತ್ತೇವೆ. ಓದಲು ಬಾರದವರಿಗೆ ದಯವಿಟ್ಟು ಓದಿ ಹೇಳಿರಿ.

ಮುಂಗಡ ತೆಗೆದುಕೊಳ್ಳುವುದು ಅಪರಾಧವಲ್ಲ. ಆದರೆ ಆ ಮುಂಗಡದ ಕಾರಣಕ್ಕೆ ಬೇರೆ ಕೆಲಸಕ್ಕೆ ಹೋಗಬಾರದು, ಹೊರಗೆ ತಿರುಗಾಡಬಾರದು, ಹೆಸರಿಗಷ್ಟೇ ಕೂಲಿ ಪಡೆದು ದುಡಿಯಬೇಕು ಎಂದು ಕಟ್ಟಿಹಾಕಿದರೆ ಅದು ಜೀತ. ಕಾಯ್ದೆಯ ಪ್ರಕಾರ ಜೀತಕ್ಕಿದ್ದವರೆಲ್ಲರೂ 1975ರ ಅಕ್ಟೋಬರ್ 25ರಿಂದಲೇ ಬಿಡುಗಡೆ ಹೊಂದಿದವರು. ಆ ಸಾಲ ತೀರಿತು ಎಂದೇ ಲೆಕ್ಕ. ತೀರಿದ ಸಾಲವನ್ನು ಮತ್ತೆ ವಸೂಲಿ ಮಾಡುವುದು ಅಪರಾಧ. ಜೀತಕ್ಕೆ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಎರಡು ಸಾವಿರ ರೂಪಾಯಿವರೆಗೆ ದಂಡ. ಇದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವರ ಮೇಲಿದೆ, ದುಡಿಯುವವರ ಮೇಲಿಲ್ಲ. ಬಿಡುಗಡೆ ಮಾಡಿಸುವ ಹೊಣೆ ಜಿಲ್ಲಾ ಕಲೆಕ್ಟರ್ ಮತ್ತು ಅವರ ಕೆಳಗಿನ ಅಧಿಕಾರಿಗಳದ್ದು. ಬಿಡುಗಡೆಯ ಪತ್ರವೂ, 30,000 ರೂಪಾಯಿವರೆಗೆ ತಕ್ಷಣದ ನೆರವೂ ಉಂಟು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎಂದರೆ, ಆ ಹುಡುಗಿಯ ತಂದೆ ಐವತ್ತೆಂಟು ಸಾವಿರ ಎಂದು ತಲೆಯ ಮೇಲೆ ಹೊತ್ತು ತಂದ ಸಾಲಕ್ಕೆ ಕಾಯ್ದೆಯ ಕಣ್ಣಿನಲ್ಲಿ ಬೆಲೆಯಿಲ್ಲ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

'ಜೀತ' ಎಂಬ ಮಾತನ್ನೇ ನೋಡಿರಿ. ಹಳೆಯ ಕನ್ನಡದಲ್ಲಿ ಜೀತವೆಂದರೆ ಸಂಬಳ, ಜೀವನ ನಡೆಸಲು ಸಿಗುವ ಕೂಲಿ. ನಮ್ಮ ಧರ್ಮಕೇಂದ್ರದ ತೆಲುಗು ಮನೆಗಳಲ್ಲಿ ಇಂದಿಗೂ ತಿಂಗಳ ಸಂಬಳಕ್ಕೆ ಜೀತಂ ಎನ್ನುತ್ತಾರೆ. ಅವರ ಬಾಯಲ್ಲಿ ಅದು ಮರ್ಯಾದೆಯ ಮಾತು, ನಮ್ಮ ಬಾಯಲ್ಲಿ ಅವಮಾನದ ಮಾತು. ಕೂಲಿಯನ್ನು ದುಡಿದ ಮೇಲೆ ಕೊಡದೆ ಮೊದಲೇ ಸಾಲವಾಗಿ ಕೊಟ್ಟು, ಅದು ತೀರದಂತೆ ನೋಡಿಕೊಂಡರೆ ಒಳ್ಳೆಯ ಮಾತಿಗೂ ಈ ಗತಿ ಬರುತ್ತದೆ.

ಇಂದು ಸಂತ ಜೋಸೆಫಿನ್ ಬಖಿತಾ ಅವರ ಸ್ಮರಣೆಯ ದಿನವೂ ಹೌದು. ಭಾನುವಾರವಾದ್ದರಿಂದ ಬಲಿಪೂಜೆಯಲ್ಲಿ ಅವರ ಹಬ್ಬ ಬರುವುದಿಲ್ಲ. ಆದರೂ ಮಾನವ ಕಳ್ಳಸಾಗಣೆಯ ವಿರುದ್ಧ ಪ್ರಾರ್ಥಿಸಲು ಜಗದ್ಗುರು ಫ್ರಾನ್ಸಿಸರು 2015ರಿಂದ ಗೊತ್ತುಮಾಡಿದ ದಿನ ಇದು. ಬಖಿತಾ ಸುಡಾನ್ ದೇಶದ ಹುಡುಗಿ. ಚಿಕ್ಕಂದಿನಲ್ಲೇ ಅಪಹರಿಸಿ ಮಾರಿದರು. ಕೈಯಿಂದ ಕೈಗೆ ಮಾರಾಟವಾದಳು. ತಂದೆತಾಯಿ ಇಟ್ಟ ಹೆಸರು ಅವಳಿಗೆ ಮರೆತೇಹೋಗಿತ್ತು. ಬಖಿತಾ ಎಂದರೆ ಅರಬ್ಬಿಯಲ್ಲಿ ಭಾಗ್ಯವಂತೆ. ಅದು ಅಪಹರಿಸಿದವರು ಇಟ್ಟ ಹೆಸರು. 1885ರಲ್ಲಿ ಅವಳು ಇಟಲಿಗೆ ಬಂದಳು. ಇಟಲಿಯ ಕಾನೂನು ಗುಲಾಮಗಿರಿಯನ್ನು ಒಪ್ಪುತ್ತಿರಲಿಲ್ಲ. ಆದರೂ ನಾಲ್ಕು ವರ್ಷ ಅವಳು ಒಂದು ಮನೆಯವರ ಸೊತ್ತಿನಂತೆಯೇ ಇದ್ದಳು. ವೆನಿಸ್ ನಗರದ ಕನೋಸಿಯನ್ ಭಗಿನಿಯರ ಬಳಿ ಅವಳನ್ನು ಕೆಲಕಾಲ ಬಿಟ್ಟಿದ್ದರು. ಯಜಮಾನಿ ಹಿಂದಕ್ಕೆ ಕರೆದೊಯ್ಯಲು ಬಂದಾಗ ಬಖಿತಾ ಬರುವುದಿಲ್ಲ ಎಂದಳು. ಭಗಿನಿಯರು ಅವಳ ಪಕ್ಕದಲ್ಲಿ ನಿಂತರು. ವಿಷಯ ನ್ಯಾಯಾಲಯಕ್ಕೆ ಹೋಯಿತು. 1889ರ ನವೆಂಬರ್ 29ರಂದು ಅವಳು ಸ್ವತಂತ್ರಳು ಎಂಬ ತೀರ್ಪು ಬಂತು. ಮರುವರ್ಷ ಜನವರಿ 9ರಂದು ದೀಕ್ಷಾಸ್ನಾನ ಪಡೆದಳು. ಮುಂದೆ ತಾನೂ ಕನೋಸಿಯನ್ ಭಗಿನಿಯಾಗಿ, 1947ರ ಫೆಬ್ರವರಿ 8ರಂದು ಪ್ರಭುವಿನ ಬಳಿ ಸೇರಿದಳು. 2000ದಲ್ಲಿ ಅವಳನ್ನು ಸಂತಳೆಂದು ಘೋಷಿಸಲಾಯಿತು.

ಕಾನೂನು ಮೊದಲೇ ಇತ್ತು. ಬಖಿತಾಳಿಗೆ ಅದು ತಲುಪಿದ್ದು ಅವಳು "ಬರುವುದಿಲ್ಲ" ಎಂದಾಗ ಪಕ್ಕದಲ್ಲಿ ನಿಲ್ಲುವವರು ಇದ್ದದ್ದರಿಂದ. ನಮ್ಮ ಹುಡುಗಿ ಪವಿತ್ರ ಗುರುವಾರ ಫೋನ್ ಮಾಡಿದ್ದು ಅಂಥವರನ್ನು ಹುಡುಕಿಕೊಂಡು ಎಂದು ಈಗ ಅನಿಸುತ್ತದೆ.

ಪ್ರಿಯರೇ, ಇಂದಿನ ಮೊದಲನೆಯ ವಾಚನ ಯೆಶಾಯನ ಗ್ರಂಥದ 58ನೆಯ ಅಧ್ಯಾಯದ್ದು. ಏಳನೆಯ ವಚನದಿಂದ ಓದುತ್ತೇವೆ: ಹಸಿದವರಿಗೆ ಅನ್ನ, ನೆಲೆಯಿಲ್ಲದವರಿಗೆ ನೆಲೆ. ಮನೆಗೆ ಹೋಗಿ ಅದರ ಹಿಂದಿನ ಆರನೆಯ ವಚನವನ್ನೂ ಓದಿರಿ. ದೇವರಿಗೆ ಮೆಚ್ಚುಗೆಯಾದ ಉಪವಾಸವೆಂದರೆ ಅನ್ಯಾಯದ ಕಟ್ಟುಗಳನ್ನು ಬಿಚ್ಚುವುದು, ನೊಗವನ್ನು ಮುರಿಯುವುದು, ತುಳಿಯಲ್ಪಟ್ಟವರನ್ನು ಬಿಡುಗಡೆ ಮಾಡುವುದು ಎಂದು ಪ್ರವಾದಿ ಹೇಳುತ್ತಾನೆ. ಅದೇ ಅಧ್ಯಾಯದ ಮೊದಲಲ್ಲಿ ಒಂದು ದೂರಿದೆ: ಉಪವಾಸದ ದಿನವೂ ನೀವು ನಿಮ್ಮ ಕೆಲಸದವರನ್ನು ಹಿಂಡುತ್ತೀರಿ ಎಂದು. ಈ ತಿಂಗಳ 18ಕ್ಕೆ ವಿಭೂತಿ ಬುಧವಾರ. ಉಪವಾಸ ಹತ್ತಿರ ಬಂದಿದೆ.

ಈ ಮಾತು ಊರಾಚೆಯ ಗೂಡಿನ ಮಾಲೀಕರಿಗಷ್ಟೇ ಸೇರಿದ್ದಲ್ಲ. ಜನರನ್ನು ಗೂಡಿಗೆ ಕರೆದೊಯ್ಯುವ ಮೇಸ್ತ್ರಿಗಳಲ್ಲಿ ನಮ್ಮ ಕನ್ನಡದವರೇ ಇದ್ದಾರೆ. ನಮ್ಮ ಜೊತೆಯಲ್ಲೇ ಮೊಣಕಾಲೂರುತ್ತಾರೆ. ಅವರನ್ನು ದೂರಲು ಇದನ್ನು ಬರೆದಿಲ್ಲ. ಅವರೂ ಮಾಲೀಕರ ಸಾಲಕ್ಕೆ ಜಾಮೀನಾಗಿ ನಿಂತವರು. ಆಳು ಓಡಿಹೋದರೆ ಅವರ ಕುತ್ತಿಗೆಗೆ ಬರುತ್ತದೆ. ಅವರಲ್ಲಿ ನಮ್ಮ ಬಿನ್ನಹ ಇಷ್ಟು: ಯಾರ ಲೆಕ್ಕ ಎಷ್ಟು ಎಂಬ ಚೀಟಿಯನ್ನು ದುಡಿಯುವವರ ಕೈಗೆ ಕೊಡಿರಿ. ಯಾರ ಫೋನನ್ನೂ, ಗುರುತಿನ ಚೀಟಿಯನ್ನೂ ಇಟ್ಟುಕೊಳ್ಳಬೇಡಿರಿ. ಭಾನುವಾರ ಪೂಜೆಗೆ ಹೋಗುತ್ತೇನೆ ಎಂದವರನ್ನು ತಡೆಯಬೇಡಿರಿ. ಮಾಲೀಕರು ಒಪ್ಪುವುದಿಲ್ಲ ಎಂದಾದರೆ ಅದನ್ನು ನಮಗೆ ಹೇಳಿರಿ. ನೀವು ಒಬ್ಬರೇ ಹೊರಬೇಕಾಗಿಲ್ಲ.

ನಮ್ಮ ಮನೆಗಳನ್ನೂ ನೋಡಿಕೊಳ್ಳೋಣ. ಕೆಲಸದ ಹುಡುಗಿಗೆ ಅವಳ ತಾಯಿಯ ಔಷಧಿಗೆಂದು ಐದು ಸಾವಿರ ಕೊಟ್ಟು, "ತೀರುವ ತನಕ ಬೇರೆ ಮನೆಗೆ ಹೋಗಬಾರದು" ಎಂದವರು ನಮ್ಮಲ್ಲೂ ಇದ್ದಾರೆ. ಅವಳ ಭಾನುವಾರ ಎಲ್ಲಿ ಹೋಯಿತು? ನಮ್ಮೂರಿನ ಅದಿಯಮಾನ್ ದೊರೆಯ ಕಥೆ ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ಆಯುಸ್ಸು ಹೆಚ್ಚಿಸುವ ನೆಲ್ಲಿಕಾಯಿ ತನಗೆ ಸಿಕ್ಕಾಗ ಅವನು ಅದನ್ನು ತಿನ್ನದೆ ಔವೈಯಾರಿಗೆ ಕೊಟ್ಟ. ಕೊಟ್ಟದ್ದಕ್ಕೆ ಲೆಕ್ಕ ಬರೆದಿಡಲಿಲ್ಲ. ಅವನ ಹೆಸರಿನ ಊರಿನಲ್ಲಿರುವ ನಾವು ಐದು ಸಾವಿರಕ್ಕೆ ಒಬ್ಬರ ಭಾನುವಾರಗಳನ್ನೆಲ್ಲ ಬರೆಸಿಕೊಳ್ಳುವುದು ನಾಚಿಕೆಯ ಸಂಗತಿ.

ಐವತ್ತನೆಯ ವರ್ಷವೆಂದರೆ ಪವಿತ್ರ ಗ್ರಂಥದಲ್ಲಿ ಜುಬಿಲಿ ವರ್ಷ. ಯಾಜಕಕಾಂಡದ 25ನೆಯ ಅಧ್ಯಾಯದ ಪ್ರಕಾರ ಆ ವರ್ಷ ಕೊಂಬನ್ನು ಊದಿಸಿ ನಾಡಿನಲ್ಲೆಲ್ಲ ಬಿಡುಗಡೆಯನ್ನು ಸಾರಬೇಕು, ಪ್ರತಿಯೊಬ್ಬನೂ ತನ್ನ ಮನೆಯವರ ಬಳಿಗೆ ಮರಳಬೇಕು. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸುಸ್ವಾಮಿ ಎದ್ದು ನಿಂತು ಓದಿದ್ದೂ ಬಂಧಿತರ ಬಿಡುಗಡೆಯ ಮಾತನ್ನೇ. ಅದು ಇಂದು ನೆರವೇರಿದೆ ಎಂದು ಅವರು ಹೇಳಿದರು. ಜೀತದ ಕಾಯ್ದೆಗೆ ಈಗ ಐವತ್ತು. ಸರ್ಕಾರ ನಾಳೆಯ ದಿನಕ್ಕೆ ರಜೆ ಕೊಟ್ಟರೆ ಒಳ್ಳೆಯದೇ. ಮಕ್ಕಳು "ಏಕೆ ರಜೆ" ಎಂದು ಕೇಳುತ್ತಾರೆ, ನಾವು ಹೇಳಬೇಕಾಗುತ್ತದೆ. ಆದರೆ ಅದಕ್ಕಾಗಿ ಕಾಯದೆ, ಕೈಯಲ್ಲಿರುವ ಭಾನುವಾರವನ್ನು ಅದು ಸಲ್ಲಬೇಕಾದವರಿಗೆ ತಲುಪಿಸುವ ಕೆಲಸ ನಮ್ಮದು.

ಗುರುಗಳ ಅನುಮತಿಯೊಂದಿಗೆ ಯುವಜನರು ಮೂರು ಕೆಲಸ ಹಿಡಿದಿದ್ದೇವೆ. ಕಾಯ್ದೆಯ ಸಾರವನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬರೆದು ದೇವಾಲಯದ ಬಾಗಿಲ ಬಳಿ ಹಾಕುತ್ತೇವೆ. ಕೆಲಸಕ್ಕೆಂದು ಹೊರಜಿಲ್ಲೆಗೆ ಹೋಗಿರುವ ನಮ್ಮ ಮನೆಯವರಿಗೆ ಪ್ರತಿ ಭಾನುವಾರ ಸಂಜೆ ಫೋನ್ ಮಾಡುತ್ತೇವೆ. ಯಾರಾದರೂ ಬಿಡಿಸಿಕೊಳ್ಳಬೇಕು ಎಂದರೆ ಅವರ ಜೊತೆ ಕಲೆಕ್ಟರ್ ಕಚೇರಿಯ ಸೋಮವಾರದ ಕುಂದುಕೊರತೆ ಸಭೆಗೆ ಹೋಗುತ್ತೇವೆ. ಉಚಿತ ಕಾನೂನು ನೆರವಿಗೆ 15100 ಎಂಬ ಸಂಖ್ಯೆಗೆ ಯಾರು ಬೇಕಾದರೂ ಕರೆ ಮಾಡಬಹುದು. ಹಿರಿಯರು ನಮ್ಮೊಡನೆ ಬಂದರೆ ಧೈರ್ಯ; ಕಚೇರಿಯಲ್ಲಿ ನಮ್ಮಂಥ ಎಳೆಯರ ಮಾತಿಗಿಂತ ನಿಮ್ಮ ಮಾತಿಗೆ ತೂಕ ಹೆಚ್ಚು. ಇಂದಿನ ಶುಭಸಂದೇಶದಲ್ಲಿ ಪ್ರಭು ನಮ್ಮನ್ನು ಉಪ್ಪು ಎಂದೂ ಬೆಳಕು ಎಂದೂ ಕರೆದಿದ್ದಾರೆ. ಈ ಊರಿನಲ್ಲಿ ಕನ್ನಡ ಕಥೋಲಿಕರು ಸ್ವಲ್ಪವೇ ಜನ. ಉಪ್ಪನ್ನು ಹಾಕುವುದೂ ಸ್ವಲ್ಪವೇ.

ಆ ಮನೆಯವರು ಈ ವರ್ಷವೂ ಪೊಂಗಲ್ ಕಳೆದು ಹೋಗಿದ್ದಾರೆ. ಅದೇ ಸಾಲಕ್ಕಾಗಿ. ಹೋಗುವ ಮೊದಲು ತಂದೆಗೆ ಕಾಯ್ದೆಯನ್ನು ಓದಿ ಹೇಳಿದೆವು. ಅವರು ಕೇಳಿಸಿಕೊಂಡು, "ನೀವು ಹೇಳುವುದು ನಿಜವಿರಬಹುದು, ಆದರೆ ಮಾತು ಕೊಟ್ಟಿದ್ದೇನೆ" ಎಂದರು. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಆ ಮನುಷ್ಯನ ಒಳ್ಳೆಯತನವನ್ನೇ ಹಗ್ಗ ಮಾಡಿ ಅವರನ್ನು ಕಟ್ಟಿದ್ದಾರೆ. ಕಳೆದ ಭಾನುವಾರ ಫೋನ್ ಮಾಡಿದಾಗ ಹುಡುಗಿ ಕೇಳಿದಳು: "ಈ ಸಲ ಜಾಗರಣೆಗೆ ಯಾವ ಹಾಡು?"

ಈಸ್ಟರ್ ಏಪ್ರಿಲ್ 5ಕ್ಕೆ. ಹಾಡುಗಳ ಪಟ್ಟಿಯಲ್ಲಿ ಅವಳ ಹೆಸರನ್ನು ಬರೆದಿದ್ದೇವೆ. ಜಾಗರಣೆಯ ರಾತ್ರಿ ಸಮುದ್ರ ದಾಟಿದ ವಾಚನದ ನಂತರದ ಕೀರ್ತನೆಯನ್ನು ಅವಳೇ ಹಾಡಬೇಕು ಎಂಬುದು ನಮ್ಮ ಆಸೆ. ಅದಕ್ಕೆ ಏನೇನು ಮಾಡಬೇಕೋ ಅದನ್ನು ಈ ತಪಸ್ಸುಕಾಲದ ವ್ರತವಾಗಿ ಎಲ್ಲರೂ ಸೇರಿ ಮಾಡೋಣ.

ಪ್ರಾರ್ಥಿಸೋಣ: ದಾಸರನ್ನು ಸಮುದ್ರ ದಾಟಿಸಿದ ಸರ್ವೇಶ್ವರಾ, ಈ ಭಾನುವಾರವೂ ವಿಶ್ರಾಂತಿ ಕಾಣದ ನಮ್ಮ ಸಹೋದರ ಸಹೋದರಿಯರನ್ನು ನೆನೆಯಿರಿ. ಅವರ ಸಾಲದ ಭಯವನ್ನೂ ನಮ್ಮ ಬಾಯಿಯ ಭಯವನ್ನೂ ತೆಗೆದುಹಾಕಿರಿ. ನಮ್ಮ ಕೈಕೆಳಗೆ ದುಡಿಯುವವರಲ್ಲಿ ನಿಮ್ಮ ಮಕ್ಕಳನ್ನು ಕಾಣುವ ಕಣ್ಣು ಕೊಡಿರಿ. ಸಂತ ಜೋಸೆಫಿನ್ ಬಖಿತಾ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.

ಪ್ರಭುವಿನ ಸೇವೆಯಲ್ಲಿ,
ಯುವಜನ ಸಂಚಾಲಕರು ಮತ್ತು ಯುವಬಳಗ